ಕರಗಿದ ಗಂಡಭೇರುಂಡ

ಅನ್ನಪೂರ್ಣಮ್ಮ ಮುರುಗಪ್ಪನ ಹೆಂಡತಿ ಎಂಬುದು ಹೊಸದುರ್ಗದ ಪೇಟೆಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಡರ್ಬನ್ ಬಂದರಿನ ಬಿಳಿ ಅಧಿಕಾರಿಗೆ ಮಾತ್ರ. ಅಲ್ಲಿನ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮುರುಗಪ್ಪ ಕಾಗದ ಬರೆದಿದ್ದ: ಮದುವೆಗೆ ಸರ್ಕಾರದ ಮೊಹರಿನ ಪತ್ರವಿಲ್ಲದಿದ್ದರೆ ಹೆಂಗಸರನ್ನು ಹಡಗಿನಿಂದ ಇಳಿಸುವುದಿಲ್ಲ. ದಾವಣಗೆರೆಯ ವರ್ತಕರ ಮನೆಯವರು ಮುಂದಿನ ತಿಂಗಳು ಬೊಂಬಾಯಿಯಲ್ಲಿ ಹಡಗು ಹತ್ತುತ್ತಾರೆ. ಅವರು ಬಿಟ್ಟರೆ ಅವಳಿಗೆ ಬೇರೆ ಜೊತೆಯಿಲ್ಲ.

ಮಾವ ರೇವಣಸಿದ್ದಪ್ಪ ಅವಳನ್ನು ತಾಲ್ಲೂಕಿನ ಅಮಲ್ದಾರರ ಕಚೇರಿಗೆ ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತಿಸಿ, ಕೆಂಪು ಅರಗಿನ ಗಂಡಭೇರುಂಡದ ಮೊಹರು ಹಾಕಿಸಿಕೊಂಡು ಬಂದ. ಪಡಸಾಲೆಯಲ್ಲಿ ಕೂತು ನಗತೊಡಗಿದ.

"ಇವರು ನಂಗೊತ್ತು ಅಂತ ಅಮಲ್ದಾರ್ರು ಬರದ್ರು. ಅಮಲ್ದಾರ್ರು ನಂಗೊತ್ತು ಅಂತ ದುರ್ಗದ ಡೆಪ್ಯುಟಿ ಕಮಿಷನರ್ರು ಬರೀತಾರೆ. ದುರ್ಗದೋರು ನಂಗೊತ್ತು ಅಂತ ಬೆಂಗಳೂರಿನ ಬಿಳಿ ದೊರೆ ಬರೀತಾನೆ. ಕೊನೀಗೆ ನಮ್ಮ ಸೊಸೆ ಯಾರಿಗಪ್ಪ ಗೊತ್ತು?"

"ನಂಗೊತ್ತು," ಎಂದಳು ಅಡಿಗೆಮನೆಯಿಂದ ಅತ್ತೆ ಏಕಾಂತಮ್ಮ. "ನನ್ನ ಯಾರು ಕೇಳ್ತಾರೆ?"

ಮೂರು ವರ್ಷದಿಂದ ಅತ್ತೆ ಸೊಸೆ ಇಬ್ಬರೇ ಒಂದು ಒಲೆಯ ಮುಂದೆ ಕೂತವರು. ಮಾತು ಕಡಿಮೆ, ಆದರೆ ಉಪ್ಪಿನ ಕುಡಿಕೆ ಯಾರ ಕೈಗೆ ಯಾವಾಗ ಬೇಕೆಂದು ಇಬ್ಬರಿಗೂ ತಿಳಿಯುತ್ತಿತ್ತು.

ಸಂಜೆ ಏಕಾಂತಮ್ಮ ಪತ್ರವನ್ನು ದೇವರ ಗೂಡಿನಲ್ಲಿಟ್ಟಳು. ಮದುವೆಯ ಕಾಗದವೆಂದ ಮೇಲೆ ದೇವರಿಗೆ ತೋರಿಸದೆ ಹೊಸ್ತಿಲು ದಾಟಿಸುವುದುಂಟೆ? ವಿಭೂತಿ ಇಟ್ಟಳು, ಹೂವೇರಿಸಿದಳು, ದೀಪದ ಬುಡಕ್ಕೆ ಒರಗಿಸಿದಳು. ದೇವರು ಕಣ್ತುಂಬ ನೋಡಿದ. ಅರಗು ಕರಗಿತು.

ಅದನ್ನೇ ಹಿಡಿದು ಗಾಡಿಯಲ್ಲಿ ಸೊಸೆಯೊಡನೆ ದುರ್ಗಕ್ಕೆ ಹೋದ ರೇವಣಸಿದ್ದಪ್ಪನನ್ನು ಡೆಪ್ಯುಟಿ ಕಮಿಷನರ್ ಕಚೇರಿಯ ಶಿರಸ್ತೇದಾರರು ಕನ್ನಡಕದ ಮೇಲಿಂದ ನೋಡಿದರು.

"ಏನ್ರೀ ಇದು? ಕಪ್ಪೆಯೋ?"

"ಗಂಡಭೇರುಂಡ, ಸ್ವಾಮಿ."

"ಎರಡು ತಲೆ ಎಲ್ಲಿ?"

"ಮನೇಲಿ ದೇವರ ಮುಂದೆ ಕರಗಿದವು."

"ಹಂಗಾದ್ರೆ ದೇವರ ಹತ್ರನೇ ರುಜು ಹಾಕಿಸ್ಕೊಳ್ರಿ. ಇಲ್ದಿದ್ರೆ ಶನಿವಾರದೊಳಗೆ ಹೊಸ ಪತ್ರ ತರ್ರಿ. ಬೆಂಗಳೂರಿನ ಟಪ್ಪಾಲು ಹೋದ್ಮೇಲೆ ನಾನು ಏನೂ ಮಾಡಾಕಾಗಲ್ಲ."

ಊರಿಗೆ ಮರಳಿದಾಗ ಅಮಲ್ದಾರರು ರೇಗಿದರು. "ನಿಮ್ಮ ಮಗನಿಗೆ ನಾನು ಎಷ್ಟು ಸಲ ಮದುವೆ ಮಾಡಿಸ್ಬೇಕ್ರೀ?" ಆದರೂ ಹೊಸ ಪತ್ರ ಕೊಟ್ಟರು.

ಗುರುವಾರ ಸಂಜೆ ಏಕಾಂತಮ್ಮ ಅದನ್ನೂ ಗೂಡಿನ ಕಡೆಗೆ ಒಯ್ಯುತ್ತಿದ್ದಳು. ಅನ್ನಪೂರ್ಣಮ್ಮ ಅಡ್ಡ ನಿಂತಳು. ಆ ಮನೆಯಲ್ಲಿ ಅವಳು ಅಡ್ಡ ನಿಂತದ್ದು ಅದೇ ಮೊದಲು.

"ಅತ್ತೆ, ದೀಪದ ಹತ್ರ ಬ್ಯಾಡ್ರಿ."

"ಪೂಜೆ ಇಲ್ದೆ ಹೋಗ್ತೀಯೇನೇ ಏಳು ಸಮುದ್ರದಾಚೆ?"

ಅನ್ನಪೂರ್ಣಮ್ಮ ಪೆಟ್ಟಿಗೆ ತೆಗೆದು, ಕಪ್ಪೆಯಾಗಿದ್ದ ಹಳೆಯ ಪತ್ರವನ್ನು ಅತ್ತೆಯ ಕೈಗಿಟ್ಟಳು. "ಇದಕ್ಕೆ ಮಾಡ್ರಿ. ಇದರಾಗೂ ನನ್ನ ಹೆಬ್ಬೆಟ್ಟು ಐತೆ. ಇದು ಇಲ್ಲೇ ಇರ್ಲಿ."

ಏಕಾಂತಮ್ಮ ಆ ಹೆಬ್ಬೆಟ್ಟಿನ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ಆಮೇಲೆ ಹೊಸ ಪತ್ರ ಹಿಂದಕ್ಕೆ ಕೊಟ್ಟು, ಹಳೆಯದನ್ನು ಗೂಡಿನಲ್ಲಿ ಲಿಂಗದ ಪಕ್ಕ ನಿಲ್ಲಿಸಿ, ದೀಪವನ್ನು ಒಂದು ಗೇಣು ದೂರ ಸರಿಸಿದಳು. ಇನ್ನು ಕರಗಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಬೆಳಗಿನ ಜಾವ ಬುತ್ತಿ ಕಟ್ಟಿ ಪತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟವಳೂ ಅವಳೇ.

ಶನಿವಾರ ದುರ್ಗದಲ್ಲಿ ಶಿರಸ್ತೇದಾರರು ಬಟ್ಟೆ ಬಿಚ್ಚಿದರು. ಗಂಡಭೇರುಂಡ ಎರಡೂ ತಲೆ ಎತ್ತಿ ಕೂತಿತ್ತು. ಅವರು ಪತ್ರ ತಿರುಗಿಸಿದರು. ಹಿಂದುಗಡೆ ನಾಲ್ಕು ಮೂಲೆಗೂ ಅರಿಶಿನ. ಒಂದು ಮೂಲೆಯಲ್ಲಿ ಮುದುಕಿಯ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿದ್ದವು.

"ಇದೇನಮ್ಮ ಮತ್ತೆ?"

ಮಾವ ಬಾಯಿ ತೆರೆಯುವ ಮೊದಲೇ ಅನ್ನಪೂರ್ಣಮ್ಮ ಹೇಳಿದಳು: "ನಮ್ಮತ್ತೇದು. ನಾನು ಅವ್ರಿಗೆ ಗೊತ್ತು."

ಶಿರಸ್ತೇದಾರರು ಮೂಗಿನ ಹತ್ತಿರ ತಂದು ಮೂಸಿದರು. ಗೋಡೆಯ ಗಡಿಯಾರ ನೋಡಿದರು. ಟಪ್ಪಾಲಿನ ಚೀಲ ಬಾಯಿ ತೆರೆದು ಕೂತಿತ್ತು.

"ದೊರೆಗಿಂತ ಮೊದಲೇ, ಎಲ್ಲ ಅಧಿಕಾರಿಗಳಿಗಿಂತ ಮೇಲೇ ರುಜು ಹಾಕಿದಾಳಲ್ರೀ ನಿಮ್ಮ ಹೆಂಡ್ತಿ," ಎಂದು ರೇವಣಸಿದ್ದಪ್ಪನಿಗೆ ಹೇಳಿ, ಪತ್ರ ಹಿಡಿದು ರುಜುವಿಗೆಂದು ಸಾಹೇಬರ ಕೋಣೆಗೆ ಎದ್ದು ಹೋದರು.