ಎಡಗಾಲಿನ ಜಾಗ

"ನನ್ ಹೊಲ್ದಾಗೆ ನಿನ್ ಕಾಲು ಹೂಣಾಕೆ ನಿಮ್ಮಪ್ಪ ಏನಾರ ಖಾತೆ ಮಾಡ್ಸಿಟ್ಟಿದ್ನೇನ್ಲಾ, ಬೋಳಿಮಗ್ನೆ?"

ನಾನು ಕೂಲಿ ಮಾಡುತ್ತಿದ್ದ ಹೊಲದ ಯಜಮಾನ ಶಿವನಂಜಪ್ಪನವರು ಹೀಗೆ ಕೇಳಿದ್ದು ಬೆಳಿಗ್ಗೆ ಎಂಟು ಗಂಟೆಗೆ, ತಮ್ಮ ಬ್ಯಾರನ್ ಹಿಂದಿನ ಬೇಲಿಯ ಪಕ್ಕ ನಿಂತು. ನಾನು ಎರಡು ಊರುಗೋಲಿನ ಮೇಲೆ ನಿಂತಿದ್ದೆ. ನಮ್ಮಪ್ಪ ಚಾಮಯ್ಯನ ಹೆಸರಿನಲ್ಲಿ ಯಾವ ಖಾತೆಯೂ ಇರಲಿಲ್ಲ.

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಒಳಗೆ ಸೂರಿನವರೆಗೂ ಅಡ್ಡಮರಗಳು. ಗಂಡಾಳು ಒಂದು ಕಾಲನ್ನು ಈ ಮರದ ಮೇಲೆ, ಇನ್ನೊಂದನ್ನು ಆ ಮರದ ಮೇಲೆ ಊರಿ ನಿಂತು, ಕೆಳಗಿನಿಂದ ಕೊಡುವ ಸೊಪ್ಪಿನ ಕಡ್ಡಿಗಳನ್ನು ಮೇಲಕ್ಕೆ ಜೋಡಿಸಬೇಕು. ಒಂದು ಅಡ್ಡಮರಕ್ಕೆ ಹುಳ ಹಿಡಿದಿದೆ, ಬದಲಾಯಿಸಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದೆ. "ಈ ಸೀಜನ್ ಮುಗೀಲಿ ಬುಡ್ಲಾ" ಅನ್ನುತ್ತಿದ್ದರು. ಸೀಜನ್ ಮುಗಿಯಲಿಲ್ಲ, ಮರ ಮುರಿಯಿತು, ಜೊತೆಗೆ ನನ್ನ ಎಡಗಾಲೂ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆಂದು ಮೂರು ದಿನ ನಾಟಿ ಪಟ್ಟು ಕಟ್ಟಿಸಿದರು. ನಾಲ್ಕನೆಯ ದಿನ ಕಾಲು ವಾಸನೆ ಹೊಡೆಯಿತು. ಮೈಸೂರಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ಶಿವನಂಜಪ್ಪನವರು ಬ್ರೆಡ್ಡು ಹಿಡಿದು ನೋಡಲು ಬಂದಿದ್ದರು. "ಕುಡ್ದು ಬಿದ್ದೆ ಅಂದ್ಬುಡು. ಯಾರ್ಗೂ ತೊಂದ್ರೆ ಇಲ್ಲ" ಅಂದರು. ನಾನು ಅವತ್ತು ಕುಡಿದಿರಲಿಲ್ಲ. ಬ್ರೆಡ್ಡು ಚೆನ್ನಾಗಿತ್ತು.

ನನ್ನ ಹೆಂಡತಿ ಚೆನ್ನಿ ಕಾಲನ್ನು ಬಿಟ್ಟು ಬರಲು ಒಪ್ಪಲಿಲ್ಲ. ವಾರ್ಡಿನ ಬಾಗಿಲಿಗೆ ಅಡ್ಡ ಮಲಗಿ, ಕೊನೆಗೆ ಹೆಬ್ಬೆಟ್ಟು ಒತ್ತಿ ತಂದೇಬಿಟ್ಟಳು. ತಂದ ಮೇಲೆ ಎಲ್ಲಿ ಹೂಳುವುದು? ನಮ್ಮ ಹಿರಿಯರು ಮಲಗಿರುವುದು ಕಾಡಿನೊಳಗಿನ ನಮ್ಮ ಹಳೇ ಊರು ಮಾವಿನಹಳ್ಳ ಹಾಡಿಯಲ್ಲಿ. ನಮ್ಮನ್ನು ಅಲ್ಲಿಂದ ಲಾರಿಯಲ್ಲಿ ತಂದು ಕಾಲೋನಿಯಲ್ಲಿ ಇಳಿಸಿದವರು ಮನೆ ಕೊಟ್ಟರು, ನಲ್ಲಿ ಕೊಟ್ಟರು, ಸತ್ತವರಿಗೆ ಜಾಗ ಕೊಡುವುದನ್ನು ಮರೆತರು. ಚೆನ್ನಿಯೂ ಅವಳ ತಮ್ಮ ಶಿವಕುಮಾರನೂ ಸೇರಿ ಕಾಲನ್ನು ಹಳೇ ಸೀರೆಯಲ್ಲಿ ಸುತ್ತಿ ಬ್ಯಾರನ್ ಹಿಂದೆ ಹೂತರು. ಕಾಲು ಮುರಿದ ಜಾಗಕ್ಕೆ ಹತ್ತಿರವಿರಲಿ ಅಂತ.

ನಾನು ಮನೆಗೆ ಬಂದೆ. ಇಲ್ಲದ ಪಾದದ ಹೆಬ್ಬೆರಳು ಉರಿಯತೊಡಗಿತು. ಕೈ ಹಾಕಿದರೆ ಚಾಪೆ ಸಿಗುತ್ತಿತ್ತು. ಬೆಳಿಗ್ಗೆ ಏಳುವಾಗ ಮರೆತು ಎಡಗಾಲು ಊರುತ್ತಿದ್ದೆ, ಬೀಳುತ್ತಿದ್ದೆ. ಮೊದಲ ವಾರವೇ ಐದು ಸಲ ಬಿದ್ದೆ. ಚೆನ್ನಿ ಪಕ್ಕ ಬಂದು ಮಲಗಿದರೆ ಗೋಡೆಗೆ ಮುಖ ಮಾಡುತ್ತಿದ್ದೆ. ನಾಚಿಕೆ. ಜೇನಿಗೆಂದು ಎಂಥೆಂಥ ಮರ ಹತ್ತಿದವನಿಗೆ ಈಗ ಕೆರೆ ಕಡೆ ಹೋಗಲು ಹೆಂಡತಿಯ ಭುಜ ಬೇಕು! ಆಸ್ಪತ್ರೆಯ ಮೇಡಂ ಒಬ್ಬರು "ನಿಮ್ಮ ಮನಸ್ಸು ಇದನ್ನು ಒಪ್ಪಿಕೊಳ್ಳಬೇಕು" ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಮನಸ್ಸು ಒಪ್ಪಿತ್ತು. ಹೆಬ್ಬೆರಳು ಒಪ್ಪಿರಲಿಲ್ಲ.

ಮಾತ್ರೆ ಮುಗಿದ ಮೇಲೆ ನಮ್ಮ ಹಿರಿಯಜ್ಜಿ ಮರಮ್ಮ ಬಂದು ನೋಡಿದಳು.

"ಕಂಡೋರ್ ಬೇಲಿ ಮಗ್ಗುಲಾಗೆ ಆಕ್ಬುಟ್ಟಿದೀರ. ಅದು ಒಂಟಿ ಆಗದೆ ಕಣ್ಲಾ, ಅದ್ಕೇ ನಿನ್ನ ಕೂಗ್ತದೆ. ಅಜ್ಜಂದಿರ ತಾವ್ಕೆ ಒಯ್ದು ಮಡಗಿ, ಸುಮ್ಕಾಯ್ತದೆ."

ನಾನು ನಕ್ಕುಬಿಟ್ಟೆ. ಆದರೆ ಅವಳ ಮಾತು ತಲೆಯಿಂದ ಹೋಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಶಿವನಂಜಪ್ಪನವರು ಬೇಲಿಯ ಪಕ್ಕ ಶೆಡ್ಡಿಗೆ ಪಾಯ ತೆಗೆಸಿದರು. ಸೀರೆ ಸಿಕ್ಕಿತು. ಬೆಳಿಗ್ಗೆಯೇ ನಮ್ಮ ಮೂವರನ್ನೂ ಕರೆಸಿ ಆ ಖಾತೆಯ ಮಾತು ಕೇಳಿದ್ದು ಅದಕ್ಕೇ.

"ಜಾಗ ಎಲ್ಲಾ ಮೈಲ್ಗೆ ಮಾಡಾಕ್ಬುಟ್ರಲ್ಲೋ! ಈಗ್ಲೇ ಎತ್ಕೊಂಡೋಗಿ, ಇಲ್ಲಾಂದ್ರೆ ನಾಯಿಗಾಕುಸ್ತೀನಿ" ಅಂದರು.

ಚೆನ್ನಿ ಸೆರಗು ಸಿಕ್ಕಿಸಿ ಗುಂಡಿಗೆ ಇಳಿದಳು. "ಇದು ನಿಮ್ ಬ್ಯಾರನ್ನಾಗೆ ಮುರ್ದಾಗ ಮೈಲ್ಗೆ ಆಗ್ನಿಲ್ವಾ ಬುದ್ದಿ? ಆ ಸೊಪ್ಪು ಮಾರ್ಕೊಂಡ್ರಲ್ಲ?"

ಅವರು ಮೊಬೈಲ್ ನೋಡತೊಡಗಿದರು.

ನಾನು ಬಗ್ಗಿ ನೋಡಿದೆ. ಮೂಳೆ, ಮಣ್ಣು, ಸೀರೆಯ ಅಂಚು. ಇಷ್ಟೇನಾ ಅನ್ನಿಸಿತು. ನಲವತ್ತೆರಡು ವರ್ಷ ನನ್ನನ್ನು ಹೊತ್ತಿದ್ದು ಗೊಬ್ಬರದ ಚೀಲದ ತಳವನ್ನೂ ತುಂಬಲಿಲ್ಲ. ಆಸ್ಪತ್ರೆಯಲ್ಲಿ ಬಾರದ ಅಳು ಅಲ್ಲಿ ಬಂತು. ಯಜಮಾನರ ಎದುರಿಗೇ ಅತ್ತೆ. ಅತ್ತು ಮುಗಿದ ಮೇಲೆ, "ಶಿವಕುಮಾರ, ನಡಿಯಲಾ, ಆಡಿಗೆ ಓಗುವ" ಅಂದೆ.

ಕಾಡಿನ ಗೇಟಿನಲ್ಲಿ ಗಾರ್ಡು ಚೀಲ ಬಿಚ್ಚಿಸಿದ. ಮುಖ ಅರಳಿತು, ಕೇಸು ಸಿಕ್ಕಿತೆಂದು.

"ಕಡವೇದೇನ್ಲಾ?"

"ನಂದು ಸಾ."

ಪಂಚೆ ಎತ್ತಿ ತೋರಿಸಿದೆ. ಅವನು ಚೀಲವನ್ನು ನೋಡಿದ, ನನ್ನನ್ನು ನೋಡಿದ, ಒಳಗೆ ಹೋಗಿ ಫಾರೆಸ್ಟರ್ ಮಹದೇವಯ್ಯನವರನ್ನು ಕರೆತಂದ. ಅವರು ಮೂಗಿಗೆ ಕರ್ಚೀಫು ಹಿಡಿದು ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಒಳ್ಗೆ ಬಿಡಾಕಾಗಲ್ಲ ಕಣಯ್ಯ. ಇವತ್ತು ಕಾಲು ಹೂಣ್ತೀರ, ನಾಳೆ ಗೋರಿ ತೋರ್ಸಿ ಇದು ನಮ್ಮೂರು ಅಂತ ಹಕ್ಕುಪತ್ರಕ್ಕೆ ಅರ್ಜಿ ಹಾಕ್ತೀರ. ಅಲ್ಲಿ ಹಾಡೀನೇ ಇರ್ಲಿಲ್ಲ ಅಂತ ನಾವು ರಿಪೋರ್ಟ್ ಕೊಟ್ಟಾಗದೆ."

"ಅಂಗಾರೆ ನಾನು ಉಟ್ಟಿದ್ದೆಲ್ಲಿ ಸಾ?"

"ಹೋಗಿ ನಿಮ್ಮವ್ವನ್ನ ಕೇಳು."

ನಮ್ಮವ್ವನೂ ಅಲ್ಲೇ ಒಳಗೆ ಮಲಗಿದ್ದಳು. ಕೇಳಬೇಕಾದರೂ ಅವರು ಗೇಟು ತೆಗೆಯಬೇಕಿತ್ತು.

ಗೇಟು ಬಿಟ್ಟರೆ ಒಳಗೆ ಹೋಗಲು ಉಳಿದ ದಾರಿ ಕಾಡಿನ ಸುತ್ತ ತೋಡಿದ ಆನೆ ಕಂದಕ. ಎರಡಾಳು ಆಳ. ನಮ್ಮಲ್ಲಿ ಜೇನಿಗೆ ಇಳಿಯುವಾಗ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕು. ಸ್ವಂತ ಅಣ್ಣತಮ್ಮಂದಿರನ್ನು ನಂಬುವುದಿಲ್ಲ. ಭಾವಮೈದನಾದರೆ ಅಕ್ಕ ಮುಂಡೆಯಾಗಲಿ ಎಂದು ಹಗ್ಗ ಬಿಡುವುದಿಲ್ಲ. ಶಿವಕುಮಾರ ಮತ್ತಿಮರಕ್ಕೆ ಒಂದು ಸುತ್ತು ಹಾಕಿ ಹಗ್ಗ ಹಿಡಿದ. ನಾನು ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಇಳಿದೆ. ಆಚೆ ದಡಕ್ಕೆ ಚೆನ್ನಿ ಕೆಳಗಿಂದ ನೂಕಿದಳು, ಅವನು ಮೊದಲು ಹತ್ತಿ ಮೇಲಿಂದ ಎಳೆದ. "ಭಾವ, ಒಂದ್ ಕಾಲ್ ಕಮ್ಮಿ ಆದ್ರೂವೆ ತೂಕ ಏನೂ ಇಳ್ದಿಲ್ವಲ್ಲ ನಿಂದು!" ಅಂದ. ನಾಲ್ಕು ತಿಂಗಳಲ್ಲಿ ನನ್ನ ಕಾಲಿನ ವಿಷಯಕ್ಕೆ ತಮಾಷೆ ಮಾಡಿದವನು ಅವನೊಬ್ಬನೇ. ಮೈ ಹಗುರಾಯಿತು.

ಹಾಡಿಯಲ್ಲಿ ಗುಡಿಸಲುಗಳಿರಲಿಲ್ಲ. ಲಂಟಾನ ಪೊದೆಯ ನಡುವೆ ನಮ್ಮ ಒರಳುಕಲ್ಲು ಇತ್ತು. ಅದರಾಚೆ ಅಜ್ಜಂದಿರ ಕಲ್ಲುಗಳು, ಕೊನೆಯದು ನಮ್ಮವ್ವನದು. ಪಕ್ಕದಲ್ಲಿ ಗುಂಡಿ ತೋಡಿ ಕಾಲನ್ನು ಮಲಗಿಸಿದೆವು. ಚೆನ್ನಿ ಎಲೆ ಅಡಿಕೆ ಇಟ್ಟಳು. ಮಣ್ಣು ಮುಚ್ಚಿ, ಕಲ್ಲು ನೆಟ್ಟು, ನಾನು ಕಾದೆ.

ಹೆಬ್ಬೆರಳು ಉರಿಯುತ್ತಲೇ ಇತ್ತು. ಅವರಿಬ್ಬರಿಗೂ ಹೇಳಲಿಲ್ಲ.

ಜೀಪಿನ ಸದ್ದಾಯಿತು. ಮಹದೇವಯ್ಯನವರು ಇಳಿಯುವಾಗಲೇ ಮೊಬೈಲಿನಲ್ಲಿ ವಿಡಿಯೋ ಹಚ್ಚಿದ್ದರು.

"ಸೂಳೆಮಕ್ಳಾ, ಕಂದಕ ದಾಟಿ ಬರ್ತೀರಾ? ಕೇಸ್ ಹಾಕಿ ಒಳಗಾಕ್ತೀನಿ. ಹೆಸ್ರು ಹೇಳು!"

"ಹುಚ್ಚ. ಅಪ್ಪ ಚಾಮಯ್ಯ."

"ಊರು?"

"ಇದೇಯ."

"ಇದು ಊರಲ್ಲ, ಕಾಡು!"

"ಇದು ನಮ್ಮಜ್ಜ. ಇದು ನಮ್ಮವ್ವ. ಇದು ನನ್ ಕಾಲು. ಎಲ್ಲಾನೂವೆ ಮೊಬೈಲ್ನಾಗೆ ಇಡ್ಕೊಳಿ ಸಾ, ಇಂಗ್ ಬನ್ನಿ, ಕಲ್ಲು ಸರ್ಯಾಗ್ ಕಾಣ್ಲಿ."

ಗಾರ್ಡು ಅವರ ಕಿವಿಯ ಹತ್ತಿರ ಹೋದ. ಪಿಸುಮಾತು ಅಂದುಕೊಂಡಿದ್ದ, ನಮಗೂ ಕೇಳಿಸಿತು. "ಸಾ, ಕೇಸ್ ಹಾಕುದ್ರೆ ಇಲ್ಲಿ ಹಾಡಿ ಇತ್ತು, ಗೋರಿ ಐತೆ ಅಂತ ನಾವೇ ಬರ್ದಂಗಾಯ್ತದೆ."

ಮಹದೇವಯ್ಯನವರು ಮೊಬೈಲ್ ಇಳಿಸಿದರು. ದನಿಯೂ ಇಳಿಯಿತು.

"ನೋಡು ಹುಚ್ಚ, ನಿನ್ ಸ್ಥಿತಿ ನೋಡಿ ಹೇಳ್ತಿದೀನಿ. ಅದನ್ನ ತಗೊಂಡು ಹೊರಟೋಗಿ. ನಾನೇನೂ ನೋಡಿಲ್ಲ, ನೀವೇನೂ ಮಾಡಿಲ್ಲ. ಜೀಪಲ್ಲೇ ಬಿಡುಸ್ತೀನಿ."

ಸರಕಾರದ ಜೀಪಿನಲ್ಲಿ ಕೂತು ಬನ್ನಿ ಎಂದು ನಮಗೆ ಯಾರೂ ಅಂದಿರಲಿಲ್ಲ. ಊರುಗೋಲುಗಳನ್ನು ಶಿವಕುಮಾರನ ಕೈಗೆ ಕೊಟ್ಟೆ. ಹಸಿ ಮಣ್ಣಿನ ಮೇಲೆ, ನನ್ನ ಕಾಲಿನ ಮೇಲೆ, ನಾನು ಕೂತೆ.

"ಕೇಸ್ ಬರೀರಿ ಸಾ. ಬರ್ದು ನಂಗೊಂದು ಕಾಪಿ ಕೊಡೋಗಂಟ ಏಳಾಕಿಲ್ಲ."

"ಜೈಲಿಗೆ ಹೋಗ್ತೀಯ ಕಣೋ!"

"ಓಯ್ತೀನಿ. ಬರೀರಿ."

ಮಹದೇವಯ್ಯನವರು ಸಾಹೇಬರಿಗೆ ಫೋನ್ ಹಚ್ಚಿದರು. ಸಿಗ್ನಲ್ ಸಿಗಲಿಲ್ಲ. ಚೆನ್ನಿ ಕೈಯ ಮಣ್ಣು ಒರೆಸಿಕೊಂಡು ಬಂದು ನನ್ನ ಎಡಗಡೆ ಕೂತಳು.

"ನನ್ ಎಸ್ರೂ ಬರ್ಕೊಳಿ ಸಾ. ಗುಂಡಿ ತೋಡ್ದೋಳು ನಾನು. ಊರು ಅನ್ನೋ ತಾವು ಮಾವ್ನಳ್ಳ ಆಡಿ ಅಂತ ಬರೀರಿ. ಕಾಗುಣಿತ ಗೊತ್ತಿಲ್ದಿದ್ರೆ ನನ್ ತಮ್ಮ ಯೋಳ್ಕೊಡ್ತಾನೆ."