ಡಾಕ್ಟರ್ ಥಾರ್ನ್‌ಬರಿಯ ಕೈಬರಹ

"ಡಾಕ್ಟರ್ ಥಾರ್ನ್‌ಬರಿ ಮದ್ದು ಬರೆದುಕೊಟ್ಟೋರಲ್ಲಿ ಮೂವತ್ತು ವರ್ಷದಿಂದ ಒಬ್ಬರೂ ಸತ್ತಿಲ್ಲ! ಹೋದ ಚಳಿಗಾಲ ಒಬ್ಬ ಮುದುಕನ್ನ ಹೂಳೋಕೆ ಹೊತ್ಕೊಂಡು ಹೋಗ್ತಿದ್ರು. ಡಾಕ್ಟ್ರು ಎದುರಿಗೆ ಬಂದು ಕೈಕೋಲಲ್ಲಿ ಶವಪೆಟ್ಟಿಗೆ ತಟ್ಟಿದ್ದೇ ತಡ, ಹೆಣ ಎದ್ದು ಕೂತು ನಾಲಿಗೆ ತೋರಿಸ್ತು ಕಣಯ್ಯಾ! ನಮ್ಮ ಬೀದಿಯಲ್ಲಿ ಗುಂಡಿ ತೋಡ್ತಿದ್ದೋನು ಈಗ ಹೊಟ್ಟೆಪಾಡಿಗೆ ಮೀನು ಮಾರ್ತಾನೆ."

ಔಷಧಿ ಅಂಗಡಿಯ ಜೇಬೆಜ್ ಪೆಲೋನ ಬಾಯಿ ಥೇಮ್ಸ್ ನದಿಗಿಂತ ಅಗಲ. ಆದರೆ ಏಮಸ್ ಟಕ್ವೆಲ್ ನಗಲಿಲ್ಲ. ಅವನು ಕುರಿಕೊಬ್ಬಿನಿಂದ ದೀಪದ ಬತ್ತಿ ಮಾಡುವವನು. ಹಾಸಿಗೆಯ ಮೇಲಿದ್ದ ಅವನ ಹೆಂಡತಿ ಡಾರ್ಕಸ್‌ಗೆ ಹೆರಿಗೆಯಾಗಿ ಮೂರು ದಿನ. ಅಂದು ಶುರುವಾದ ರಕ್ತಸ್ರಾವ ಇನ್ನೂ ನಿಂತಿರಲಿಲ್ಲ, ಮೇಲೆ ಜ್ವರ ಬೇರೆ. ಅವಳ ಮುಖಕ್ಕೆ ಮಾಡಿನಿಂದ ತೂಗುಬಿಟ್ಟ ಬತ್ತಿಗಳದೇ ಬಣ್ಣ ಬಂದಿತ್ತು.

"ಹಾಗಾದ್ರೆ ಅವ್ರನ್ನೇ ಕರ್ಕೊಂಡು ಬನ್ನಿ, ಪೆಲೋ ಅವ್ರೇ. ಒಂದ್ಸಲ ಇವಳನ್ನ ನೋಡ್ಲಿ."

"ನೋಡೋದಾ? ಅಂಥ ದೊಡ್ಡೋರು ಈ ಕೊಬ್ಬಿನ ವಾಸನೇಲಿ ಮೆಟ್ಟಿಲು ಹತ್ತುತ್ತಾರಾ? ನಾನು ಹೋಗಿ ಹೇಳಿದ್ರೆ ಸಾಕು. ಕಣ್ಣು ಮುಚ್ಚಿದ್ರೆ ಅವ್ರಿಗೆ ಇಲ್ಲಿರೋದೆಲ್ಲ ಕಾಣತ್ತೆ."

ಲಂಡನ್ನಿನ ರೀತಿಯೇ ಹಾಗೆ. ಡಾಕ್ಟರರು ಕಾಫಿ ಅಂಗಡಿಯಲ್ಲಿ ಕೂತಿರುತ್ತಾರೆ. ಪೆಲೋನಂಥವರು ಕಾಯಿಲೆಯನ್ನು ಬಾಯಲ್ಲಿ ಹೊತ್ತು ಹೋಗಿ ಚೀಟಿ ಹಿಡಿದು ಬರುತ್ತಾರೆ. ಚೀಟಿಯಲ್ಲಿ ಇದ್ದದ್ದನ್ನು ಬದಲಿಸಿದವನಿಗೆ ಇನ್ನೊಂದು ಚೀಟಿ ಬರುವುದಿಲ್ಲ, ಅಂಗಡಿಗೆ ಬೀಗ.

ಮಧ್ಯಾಹ್ನ ಪೆಲೋ ಹೋದಾಗ ಥಾರ್ನ್‌ಬರಿ ಇಸ್ಪೀಟಿನಲ್ಲಿ ಮುಳುಗಿದ್ದ. ಅವನ ತಲೆಯ ಮೇಲಿನ ವಿಗ್‌ನಲ್ಲಿ ಎರಡು ಕೋಳಿ ಸಂಸಾರ ಹೂಡಬಹುದಿತ್ತು.

"ಯಾರಯ್ಯಾ ಇವತ್ತು?"

"ಬತ್ತಿ ಮಾಡೋನ ಹೆಂಡ್ತಿ, ಸ್ವಾಮಿ. ಬಾಣಂತಿ. ಜ್ವರ."

"ರಕ್ತ ಕಾದಿದೆ. ತೋಳಿಂದ ಒಂದು ಬಟ್ಟಲು ತೆಗಿ. ಸಂಜೆಗೆ ಇನ್ನೊಂದು."

"ಸ್ವಾಮಿ, ಆಗ್ಲೇ ಮೂರು ದಿನದಿಂದ ರಕ್ತ ಹೋಗ್ತಾನೇ..."

ಥಾರ್ನ್‌ಬರಿ ಮೊದಲ ಸಲ ಎಲೆಗಳಿಂದ ತಲೆ ಎತ್ತಿದ. "ಲ್ಯಾಟಿನ್ ಓದಿದ್ದು ನಾನೋ, ನೀನೋ?"

ಮೇಜಿನ ಸುತ್ತ ಕೂತವರು ನಕ್ಕರು. "ಇವನ ಎದುರಂಗಡಿಯವನು ಮೂಗನ ಹಾಗೆ ಇರ್ತಾನೆ ಡಾಕ್ಟ್ರೇ, ಅವನನ್ನೇ ಇಟ್ಕೊಳ್ಳಿ!" ಎಂದನೊಬ್ಬ.

"ಏನಿಲ್ಲ ಸ್ವಾಮಿ," ಎಂದ ಪೆಲೋ. "ಬಾಯಿ ತಪ್ಪಿ ಬಂತು."

ಥಾರ್ನ್‌ಬರಿ ಪಕ್ಕದಲ್ಲಿದ್ದ ಹಳೇ ಇಸ್ಪೀಟು ಕಟ್ಟಿನಿಂದ ಒಂದು ಎಲೆ ಎಳೆದು, ಅದರ ಬಿಳಿಯ ಬೆನ್ನಿನ ಮೇಲೆ ಎರಡು ಸಾಲು ಗೀಚಿ ಎಸೆದ.

ದಾರಿಯಲ್ಲೇ ಪೆಲೋನ ಬಾಯಿಗೆ ಜೀವ ಮರಳಿತು. ಮೆಟ್ಟಿಲು ಹತ್ತುವಾಗಲೇ ಶುರುಮಾಡಿದ. "ಊಟ ಬಿಟ್ಟು ಎದ್ರು ಕಣಯ್ಯಾ! ಹದಿನೇಳು ಪುಸ್ತಕ ತೆರೆದು ನೋಡಿದ್ರು. ಮಂಡಿಯೂರಿ ಪ್ರಾರ್ಥನೆ ಮಾಡಿದ್ರು. ಗಳಗಳ ಅತ್ರು. ನೋಡು, ಅವ್ರದೇ ಕೈಬರಹ."

ಏಮಸ್ ಕೈ ಒರೆಸಿಕೊಂಡು, ಬರಹ ಅಳಿಸದಂತೆ ಆ ಎಲೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಡಾರ್ಕಸ್‌ಳ ದಿಂಬಿನ ಪಕ್ಕ ಇಟ್ಟ.

"ನೋವಾಗತ್ತಾ?" ಎಂದಳು ಅವಳು.

"ಚಿಗಟ ಕಚ್ಚಿದಷ್ಟೇ, ತಾಯಿ."

ಪೆಲೋನ ಚಾಕುವಿಗೆ ಮೊದಲು ನರ ಸಿಗಲಿಲ್ಲ. ಮೂರನೆಯ ಗೀರಿಗೆ ಸಿಕ್ಕಿತು. ಒಂದು ಬಟ್ಟಲು ತುಂಬಲು ಅಷ್ಟು ಹೊತ್ತು ಹಿಡಿದದ್ದನ್ನು ಪೆಲೋ ಎಂದೂ ಕಂಡಿರಲಿಲ್ಲ. ಅವನು ಬಟ್ಟಲನ್ನು ಸ್ವಲ್ಪ ಓರೆಮಾಡಿ ಕಾದ.

ಸಂಜೆ ಎರಡನೆಯ ಸಲಕ್ಕೆಂದು ಬಂದಾಗ ಅವಳ ಮುಖದ ಮೇಲೆ ಬಟ್ಟೆ ಎಳೆದಿತ್ತು. ಮಗು ನೂಲಿನ ಬುಟ್ಟಿಯಲ್ಲಿ ನಿದ್ದೆಹೋಗಿತ್ತು. ಪೆಲೋ ಅಲ್ಲೇ ಸ್ಟೂಲಿನ ಮೇಲೆ ಕೂತ.

"ಡಾಕ್ಟ್ರು ಅತ್ರು ಅಂದ್ರಲ್ಲ," ಎಂದ ಏಮಸ್.

"ಅತ್ರು! ಕರವಸ್ತ್ರ ಹಿಂಡಿದ್ರೆ ಒಂದು ಕೊಡ ನೀರು..."

ಏಮಸ್ ದಿಂಬಿನ ಪಕ್ಕದ ಎಲೆಯನ್ನು ಎತ್ತಿ ಮಗುಚಿ ಹಿಡಿದ. ಕಳಾವರ್ ಏಳು. ಅದರ ಮೇಲೆ ಕಾಫಿ ಬಟ್ಟಲಿಟ್ಟ ದುಂಡನೆಯ ಕಲೆ.

"ನಂಗೆ ಲ್ಯಾಟಿನ್ ಬರಲ್ಲ, ಪೆಲೋ ಅವ್ರೇ. ಇದು ಬರತ್ತೆ."

ಡಾಕ್ಟರರ ಮನೆಯಲ್ಲಿ ಕಾಗದ ಮುಗಿದುಹೋಗಿತ್ತು ಎಂಬ ಮಾತು ಪೆಲೋನ ನಾಲಿಗೆಯ ತುದಿಯವರೆಗೆ ಬಂತು. ಅಲ್ಲಿಂದ ಆಚೆ ಬರಲಿಲ್ಲ.

"ಅವ್ರು ಆಟ ನಿಲ್ಲಿಸ್ಲಿಲ್ಲ," ಎಂದ ಕೊನೆಗೆ. "ಪುಸ್ತಕ ಇಲ್ಲ, ಪ್ರಾರ್ಥನೆ ಇಲ್ಲ. ರಕ್ತ ಹೋಗ್ತಿದೆ ಅಂತ ಹೇಳೋಕೆ ಹೊರಟೆ. ಗದರಿದ್ರು. ಬಾಯಿ ತಪ್ಪಿ ಬಂತು ಅಂದ್ಬಿಟ್ಟೆ."

"ರಕ್ತ ತೆಗೆದ್ರೆ ಹೋಗ್ತಾಳೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಕುಯ್ಯೋವಾಗ್ಲೂ ಗೊತ್ತಿತ್ತು. ಇವಳೇ ಮೊದಲನೆಯವಳಲ್ಲ," ಎಂದ.

ಏಮಸ್ ಎಲೆಯನ್ನು ಇದ್ದಲ್ಲೇ ಇಟ್ಟ, ಈ ಸಲ ಚಿತ್ರ ಮೇಲೆ ಮಾಡಿ. ಸಂಜೆಗೆಂದು ತೊಳೆದು ತಂದಿದ್ದ ಬಟ್ಟಲು ಪೆಲೋನ ಮಡಿಲಲ್ಲಿ ಹಾಗೇ ಇತ್ತು, ಹನಿ ಕಲೆಯಿಲ್ಲದೆ.