ಆರೋನನ ಸರದಿ ಬಂದ ಭಾನುವಾರ

ಬೇರೆಯವರು ಎಡವಿದ ಕಲ್ಲು ನೋಡಿಕೊಂಡು ನಾವು ನಡೆಯಬೇಕು ಎಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಭಾನುವಾರ ಮಧ್ಯಾಹ್ನ ನಮ್ಮ ಲಾಂಡ್ರಿಯ ಏಳೆಂಟು ಹೆಂಗಸರು ನನ್ನ ಮನೆಯಲ್ಲಿ ಸೇರುತ್ತಾರೆ. ಬೈಬಲಿನಲ್ಲಿ ತಪ್ಪು ಮಾಡಿದವರನ್ನು ವಾರಕ್ಕೊಬ್ಬರಂತೆ ಹಿಡಿದು ಕೂರಿಸುತ್ತೇವೆ. ಮಕ್ಕಳನ್ನು ತಿದ್ದದ ಏಲಿ, ಹೊಟ್ಟೆಕಿಚ್ಚಿನ ಸೌಲ, ಯಾರನ್ನೂ ಬಿಟ್ಟಿಲ್ಲ. ಕೊನೆಗೆ ನಾನು ಒಬ್ಬೊಬ್ಬರನ್ನೇ ಕೇಳುತ್ತೇನೆ, ಇವನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು. ನನ್ನನ್ನು ಯಾರೂ ಕೇಳುವುದಿಲ್ಲ. ವಾರದ ಉಳಿದ ಆರು ದಿನ ನಾನು ಅವರ ಮೇಲ್ವಿಚಾರಕಿ.

ಈ ವಾರ ಆರೋನನ ಸರದಿ. ಎರಡು ತಿಂಗಳ ಹಿಂದೆ ಪಟ್ಟಿ ಮಾಡಿದವಳೂ ನಾನೇ. ಆಗ ಆಮೆಯ ಕೈ ನೆಟ್ಟಗಿತ್ತು.

ಆಮೆ ನನ್ನ ಚಿಕ್ಕಮ್ಮನ ಮಗಳು, ನಮ್ಮ ಲಾಂಡ್ರಿಯಲ್ಲೇ ಕೆಲಸ. ಅಂಚಿಗೆ ಅಂಚು ಕೂಡದೆ ಒಂದು ಬೆಡ್‌ಶೀಟನ್ನೂ ಇಸ್ತ್ರಿ ಯಂತ್ರಕ್ಕೆ ಕೊಡುವವಳಲ್ಲ, ಅದಕ್ಕೇ ಆ ಹೆಸರಿಟ್ಟು ರೇಗಿಸುತ್ತಿದ್ದೆ. ಯಂತ್ರದ ಬಿಸಿ ಉರುಳೆಯ ಮುಂದೆ ಒಂದು ಸರಳಿದೆ, ಅದಕ್ಕೆ ಕೈ ತಗುಲಿದರೆ ಯಂತ್ರ ನಿಂತುಬಿಡುತ್ತದೆ. ದಪ್ಪ ಬಟ್ಟೆ ತಗುಲಿದರೂ ನಿಲ್ಲುತ್ತದೆ. ಮಂಗಳವಾರ ಆಸ್ಪತ್ರೆಯ ಬಟ್ಟೆ ಸಂಜೆಯೊಳಗೆ ಹೋಗಬೇಕಿತ್ತು. ಹನ್ನೊಂದು ಸಲ ನಿಂತ ಮೇಲೆ ನನ್ನ ಪಿತ್ತ ನೆತ್ತಿಗೇರಿತು. ಎಲ್ಲರೂ ಊಟಕ್ಕೆ ಹೋದಾಗ ಸ್ಪ್ಯಾನರ್ ತಂದು ಸರಳನ್ನು ಬಿಚ್ಚಿದೆ. ಮೂರು ಗಂಟೆಗೆ ಅವಳ ಬಲಗೈ ಒಳಗೆ ಹೋಯಿತು.

ವರದಿ ಬರೆಯಬೇಕಾದವಳೂ ನಾನೇ ತಾನೆ. ಕೆಲಸಗಾರ್ತಿ ಬೇಗ ಮುಗಿಸುವ ಆಸೆಗೆ ತಾನೇ ಸರಳು ಬಿಚ್ಚಿದ್ದಳು ಎಂದು ಬರೆದು ಸಹಿ ಹಾಕಿದೆ. ಆಮೆಗೆ ಅವಸರವಂತೆ! ಮ್ಯಾನೇಜರು ಅದನ್ನೂ ನಂಬಿದರು. ಸೋಮವಾರ ಅವಳನ್ನು ಕೆಲಸದಿಂದ ತೆಗೆಯುವುದೆಂದು ನಿರ್ಧಾರವಾಯಿತು.

ಭಾನುವಾರ ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಬಂದಳು. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂತಳು. ನಾನು ಪಾಠ ಶುರುಮಾಡಿದೆ. ಮೋಶೆ ಬೆಟ್ಟದಿಂದ ಇಳಿಯುವುದು ತಡವಾಯಿತು, ಜನ ಗಲಾಟೆ ಮಾಡಿದರು, ಆರೋನ ಅವರ ಚಿನ್ನ ತರಿಸಿ ಎರಕ ಹೊಯ್ದು ಪೂಜೆಗೆ ಕರು ಮಾಡಿಕೊಟ್ಟ. ಅಣ್ಣನನ್ನು ಮೋಶೆ ತರಾಟೆಗೆ ತೆಗೆದುಕೊಂಡಾಗ, ಚಿನ್ನ ಬೆಂಕಿಗೆ ಹಾಕಿದೆನಪ್ಪ, ಈ ಕರು ಹೊರಗೆ ಬಂತು ಎಂದ. ಇಲ್ಲಿ ಹೆಂಗಸರು ಯಾವಾಗಲೂ ನಗುತ್ತಾರೆ. ಅವತ್ತೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಪುಸ್ತಕದಿಂದ ತಲೆ ಎತ್ತಲಾಗಲಿಲ್ಲ.

"ಆಮೇಲೆ ಆರೋನನಿಗೆ ಏನಾಯ್ತು ಅಕ್ಕ?" ಆಮೆ ಕೇಳಿದಳು.

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಹಾಳೆ ತಿರುವಿದೆ. ಉತ್ತರ ಗೊತ್ತಿದ್ದೇ ತಿರುವಿದೆ.

"ಏನೂ ಆಗಲಿಲ್ಲ. ಮುಂದೆ ಮಹಾಯಾಜಕನಾದ."

"ಮತ್ತೆ ಯಾರಿಗೂ ಏನೂ ಆಗ್ಲಿಲ್ವಾ?"

"ಕರುವಿಗೆ ಅಡ್ಡಬಿದ್ದವರಲ್ಲಿ ಅವತ್ತು ಮೂರು ಸಾವಿರ ಜನ ಸತ್ತರು."

ಯಾರೂ ನಗಲಿಲ್ಲ. ಅವಳಿಗೆ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಸರಳು ಬಿಚ್ಚಿದ್ದು ನಾನು, ಸುಳ್ಳು ಬರೆದದ್ದೂ ನಾನು ಎಂದು ಎಲ್ಲರೆದುರು ಹೇಳಿಬಿಟ್ಟೆ. ಗಳಗಳನೆ ಅತ್ತೆ. ಒಬ್ಬಳು ನೀರು ತಂದುಕೊಟ್ಟಳು, ನಮ್ಮಲ್ಲಿ ಹಿರಿಯಳಾದ, ಬಟ್ಟೆ ಮಡಿಸುವ ಮಡಿಕೆಯಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಸುಳ್ಳೇಕೆ ಹೇಳಲಿ, ಹಗುರಾಯಿತು. ಎಲ್ಲ ಮುಗಿಯಿತು ಎನ್ನಿಸಿತು.

ನನ್ನ ಅಳು ನಿಲ್ಲುವವರೆಗೂ ಆಮೆ ಕಾದಳು, ಬಟ್ಟೆಯ ಅಂಚು ಕೂಡಿಸುವಷ್ಟೇ ತಾಳ್ಮೆಯಿಂದ. ಆಮೇಲೆ, ಇದನ್ನು ಮ್ಯಾನೇಜರಿಗೂ ಹೇಳುತ್ತೀಯಾ ಎಂದು ಕೇಳಿದಳು. ಬೆಳಿಗ್ಗೆ ಹೋದ ಕೂಡಲೇ ಹೇಳುತ್ತೇನೆ, ದೇವರಾಣೆ ಎಂದೆ. ಕೆಲಸ ಹೋಗುವುದು ಈಗ ನನ್ನದು ಎಂಬುದು ಆ ಮಾತು ಬಾಯಿಂದ ಬಿದ್ದ ಮೇಲೆ ಹೊಳೆಯಿತು.

ಅವಳೂ ಅದನ್ನು ನನ್ನ ಮುಖದಲ್ಲಿ ಕಂಡಿರಬೇಕು. ಎಡಗೈಯಿಂದ ಒಂದು ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದಳು.

"ಈಗಲೇ ಬರಿ ಅಕ್ಕ," ಅಂದಳು. "ನನ್ನ ಕೈಲಿ ಬರಿಯೋಕೆ ಆಗಲ್ಲ."